ಮಲೆತೊರೆಯಲ್ಲಿ ಕಯಾಕ್ ಪಯಣ: ನೀರಿಗಿಳಿಯುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮುಂಗಾರು ಬಲವಾಯಿತೆಂದರೆ ಪಶ್ಚಿಮ ಘಟ್ಟದ ತೊರೆಗಳು ನೊರೆಯುಕ್ಕಿಸಿ ಹರಿಯತೊಡಗುತ್ತವೆ. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ಹಳ್ಳ ಆಗ ದೋಣಿ ಹೊರುವಷ್ಟಾಗುತ್ತದೆ. ಒಬ್ಬರೇ ಕೂರುವ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಅಥವಾ ಗಾಳಿ ತುಂಬಿದ ರಾಫ್ಟ್‌ನಲ್ಲಿ ಈ ಬಿಳಿನೀರನ್ನು ಇಳಿಯುವ ಸಾಹಸ ಕ್ರೀಡೆ ಗಡಿನಾಡಿನವರಿಗೆ ಈಗ ಹೊಸದಲ್ಲ. ಹೊರಗಿನಿಂದ ಬರುವವರ ಜತೆಗೆ ಊರಿನ ಯುವಕರೂ ಇದರತ್ತ ಒಲಿಯುತ್ತಿದ್ದಾರೆ.

ಆದರೆ ಮಲೆತೊರೆ ಬಯಲಿನ ಹೊಳೆಯಂತಲ್ಲ. ಬಯಲಿನಲ್ಲಿ ನೀರು ಏರಲು ದಿನ ಬೇಕು, ಮಲೆಯಲ್ಲಿ ಅರ್ಧ ಗಂಟೆ ಸಾಕು. ಇಂಥಲ್ಲಿ ಜೀವ ಉಳಿಸುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ದಡದ ಮೇಲೆ ಮೊದಲೇ ಮಾಡಿಕೊಂಡ ಸಿದ್ಧತೆ. ಆ ಸಿದ್ಧತೆ ಹೇಗಿರಬೇಕು ಎಂಬ ವಿವರ ಇಲ್ಲಿದೆ.

ಎಲ್ಲೆಲ್ಲಿ ಇಂಥ ನೀರಿದೆ?

ಕೇರಳದ ಕಲ್ಲಿಕೋಟೆ ಜಿಲ್ಲೆಯ ಕೋಡಂಚೇರಿ, ತಿರುವಂಬಾಡಿ ಪರಿಸರದ ಚಾಲಿಪ್ಪುಝ ಹಾಗೂ ಇರುವಂಜಿಪ್ಪುಝ ಈ ಕ್ರೀಡೆಗೆ ಹೆಸರಾದ ತೊರೆಗಳು. ಎರಡೂ ವಯನಾಡಿನ ಅಂಚಿನ ಬೆಟ್ಟಗಳಿಂದ ಇಳಿದು ಬರುತ್ತವೆ. ಎರಡೂ ಚಾಲಿಯಾರ್ ನದಿಯ ಕೊಳ್ಳಕ್ಕೆ ಸೇರಿದವು. ತುಷಾರಗಿರಿ ಜಲಪಾತದ ಕೆಳಗಿನ ಚಾಲಿಪ್ಪುಝದ ಪುಲಿಕ್ಕಯಂ ಮತ್ತು ಇರುವಂಜಿಪ್ಪುಝದ ಇಲಂತುಕಡವುಗಳಲ್ಲಿ ಮಲಬಾರ್ ರಿವರ್ ಫೆಸ್ಟಿವಲ್‌ನ ಸ್ಪರ್ಧೆಗಳು ನಡೆದಿವೆ. 2013ರಲ್ಲಿ ಆರಂಭವಾದ ಈ ಉತ್ಸವಕ್ಕೆ ವಿದೇಶದ ಕಯಾಕ್ ಪಟುಗಳೂ ಬಂದಿದ್ದಾರೆ.

ಕೊಡಗಿನ ಬ್ರಹ್ಮಗಿರಿ ಸಾಲಿನಲ್ಲಿ ಹುಟ್ಟುವ ಬರಪೊಳೆ ಕರ್ನಾಟಕದಲ್ಲಿ ಮಳೆಗಾಲದ ರಾಫ್ಟಿಂಗ್‌ಗೆ ಹೆಸರು ಪಡೆದಿದೆ. ಅದೇ ಹೊಳೆ ಗಡಿ ದಾಟಿ ಕಣ್ಣೂರು ಜಿಲ್ಲೆಗೆ ಹರಿದು ವಳಪಟ್ಟಣಂ ನದಿಯಾಗುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಗೋವಾದ ಸತ್ತರಿ ತಾಲ್ಲೂಕಿಗೆ ಇಳಿಯುತ್ತದೆ. ಅಲ್ಲಿನ ವಾಳಪೈ ಸುತ್ತಮುತ್ತ ಮಳೆಗಾಲದಲ್ಲಿ ರಾಫ್ಟಿಂಗ್ ನಡೆಯುತ್ತದೆ. ಉಡುಪಿ ಜಿಲ್ಲೆಯ ಹೆಬ್ರಿ ಬಳಿಯ ಸೀತಾನದಿಯೂ ಮಳೆಯನ್ನೇ ನಂಬಿದ ಹೊಳೆ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿ ನದಿಯ ಕಥೆ ಬೇರೆ. ಅಲ್ಲಿ ನೀರಿನ ಮಟ್ಟ ಮೇಲಿನ ಸೂಪಾ ಅಣೆಕಟ್ಟಿನಿಂದ ಎಷ್ಟು ಬಿಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಮಳೆ ಒಂದೂರಲ್ಲಿ, ನೆರೆ ಇನ್ನೊಂದೂರಲ್ಲಿ

ಗಡಿನಾಡಿನ ತೊರೆಗಳ ಸ್ವಭಾವವೇ ಇದು. ಮಳೆ ಕೊಡಗಿನಲ್ಲಿ ಸುರಿದರೆ ಹೊಳೆ ಕಣ್ಣೂರಿನಲ್ಲಿ ಏರುತ್ತದೆ. ಖಾನಾಪುರದ ಕಾಡಿನ ಮಳೆ ಸತ್ತರಿಯಲ್ಲಿ ಕಾಣಿಸುತ್ತದೆ. ಕೋಡಂಚೇರಿಯಲ್ಲಿ ಬಿಸಿಲಿದ್ದರೂ ವಯನಾಡಿನ ಅಂಚಿನಲ್ಲಿ ಮೋಡ ಒಡೆದಿರಬಹುದು. ಆದ್ದರಿಂದ ದೋಣಿ ಇಳಿಸುವ ಊರಿನ ಹವಾಮಾನ ನೋಡಿದರೆ ಸಾಲದು, ತೊರೆ ಹುಟ್ಟುವ ಜಿಲ್ಲೆಯ ಮುನ್ಸೂಚನೆಯನ್ನೂ ನೋಡಲೇಬೇಕು. ಅದು ಬೇರೆ ರಾಜ್ಯದ ಜಿಲ್ಲೆಯಾಗಿದ್ದರೆ ಊರಿನ ಪತ್ರಿಕೆ, ದೂರದರ್ಶನಗಳಲ್ಲಿ ಆ ಸುದ್ದಿ ಬಾರದೆಯೂ ಇರಬಹುದು.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ. 115.6ರಿಂದ 204.4 ಮಿ.ಮೀ. ಅತಿ ಭಾರಿ ಮಳೆ, ಅದಕ್ಕೂ ಮೀರಿದ್ದು ಅತ್ಯಂತ ಭಾರಿ ಮಳೆ. ಕೇರಳದಲ್ಲಿ ಸಾಮಾನ್ಯವಾಗಿ ಈ ಮೂರಕ್ಕೆ ಅನುಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನೀಡಲಾಗುತ್ತದೆ. ತೊರೆ ಹುಟ್ಟುವ ಜಿಲ್ಲೆಗಾಗಲಿ ಹರಿಯುವ ಜಿಲ್ಲೆಗಾಗಲಿ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದರೆ ಪಯಣ ಕೈಬಿಡುವುದೇ ಸರಿ. ಹಳದಿ ಇದ್ದಾಗಲೂ ಹೊಸಬರು ಇಳಿಯಬಾರದು.

ಮಲಯಾಳದಲ್ಲಿ ಬೆಟ್ಟದಿಂದ ಒಮ್ಮೆಲೇ ನುಗ್ಗುವ ನೀರಿಗೆ ಮಲವೆಳ್ಳಪ್ಪಾಚ್ಚಿಲ್ ಎನ್ನುತ್ತಾರೆ, ಗುಡ್ಡವೇ ಕುಸಿದು ಹರಿಯುವುದಕ್ಕೆ ಉರುಳ್‌ಪೊಟ್ಟಲ್ ಎನ್ನುತ್ತಾರೆ. ಎರಡೂ ಪದಗಳು ವಯನಾಡು, ಕಾಸರಗೋಡಿನ ಕನ್ನಡಿಗರಿಗೆ ಚಿರಪರಿಚಿತ. 2019ರ ಆಗಸ್ಟ್ 8ರಂದು ಒಂದೇ ದಿನ ವಯನಾಡಿನ ಪುತ್ತುಮಲೆಯಲ್ಲೂ ನಿಲಂಬೂರು ಬಳಿಯ ಕವಳಪ್ಪಾರದಲ್ಲೂ ಗುಡ್ಡ ಜರಿಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅನೇಕರ ದೇಹಗಳು ದೊರೆತದ್ದು ಎಷ್ಟೋ ಕಿಲೋಮೀಟರ್ ಕೆಳಗೆ, ಮಲಪ್ಪುರಂ ಜಿಲ್ಲೆಯ ಚಾಲಿಯಾರ್ ದಡದಲ್ಲಿ. ಬೆಟ್ಟದ ತುದಿಯಲ್ಲಿ ಆದದ್ದು ಹೊಳೆಯ ಬುಡದವರೆಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ತೊರೆಯ ದರ್ಜೆ

ಬಿಳಿನೀರಿನ ಕಷ್ಟವನ್ನು ಜಗತ್ತಿನಾದ್ಯಂತ ಆರು ದರ್ಜೆಗಳಲ್ಲಿ ಹೇಳುತ್ತಾರೆ.

1ನೇ ದರ್ಜೆ: ನಿಧಾನವಾಗಿ ಸಾಗುವ ನೀರು, ಸಣ್ಣ ಅಲೆ, ಅಡೆತಡೆ ಕಡಿಮೆ.
2ನೇ ದರ್ಜೆ: ದಾರಿ ಸ್ಪಷ್ಟವಾಗಿ ಕಾಣುವ ಸುಲಭದ ರಭಸ. ಕಲಿಯುವವರಿಗೆ ಸೂಕ್ತ.
3ನೇ ದರ್ಜೆ: ಎತ್ತರದ, ಒಂದೇ ತೆರನಾಗಿಲ್ಲದ ಅಲೆಗಳು. ಇಕ್ಕಟ್ಟಿನಲ್ಲಿ ದೋಣಿ ತಿರುಗಿಸುವ ಪಳಗಿಕೆ ಬೇಕು.
4ನೇ ದರ್ಜೆ: ಬಲವಾದ ಸೆಳೆತ, ತಪ್ಪಿಸಿಕೊಳ್ಳಲಾಗದ ಅಲೆ ಮತ್ತು ಹಳ್ಳಗಳು. ಮೊದಲು ದಡದಿಂದ ನೋಡಿಯೇ ಇಳಿಯಬೇಕು.
5ನೇ ದರ್ಜೆ: ಉದ್ದಕ್ಕೂ ಅಪಾಯ, ರಕ್ಷಣೆ ಕಷ್ಟ. ನುರಿತವರಿಗೆ ಮಾತ್ರ.
6ನೇ ದರ್ಜೆ: ತಪ್ಪಿದರೆ ಜೀವ ಉಳಿಯುವುದು ಕಷ್ಟ ಎನ್ನುವ ಹಂತ.

ಈ ದರ್ಜೆ ಕಲ್ಲಿನಲ್ಲಿ ಕೊರೆದದ್ದಲ್ಲ. ನೀರು ಏರಿದಾಗ 3ನೇ ದರ್ಜೆಯ ಜಾಗ 4 ಅಥವಾ 5ನೇ ದರ್ಜೆಗೆ ಹೋಗುತ್ತದೆ. ಕಳೆದ ವರ್ಷ ಸುಲಭವಾಗಿದ್ದ ಜಾಗದಲ್ಲಿ ಈ ವರ್ಷ ಮರ ಬಿದ್ದಿರಬಹುದು. ಸಹಾಯ ದೂರವಿರುವ ಕಾಡಿನ ತೊರೆಯನ್ನು ಒಂದು ದರ್ಜೆ ಹೆಚ್ಚಿಗೆ ಎಣಿಸಿಕೊಳ್ಳುವುದು ಕ್ಷೇಮ.

ಇಳಿಜಾರು ಮತ್ತು ನೀರಿನ ಲೆಕ್ಕ

ಭಾರತೀಯ ಸರ್ವೇಕ್ಷಣ ಇಲಾಖೆಯ 50 ಸಾವಿರಕ್ಕೆ ಒಂದು ಅಳತೆಯ ನಕ್ಷೆಯಲ್ಲಿ ಸಮಾನ ಎತ್ತರದ ಗೆರೆಗಳು ಸಾಮಾನ್ಯವಾಗಿ 20 ಮೀಟರ್ ಅಂತರದಲ್ಲಿರುತ್ತವೆ. ತೊರೆ ಇಂಥ ಎಷ್ಟು ಗೆರೆ ದಾಟುತ್ತದೆ ಎಂದು ಎಣಿಸಿದರೆ ಇಳಿಜಾರು ತಿಳಿಯುತ್ತದೆ. ಉದಾಹರಣೆಗೆ, 4 ಕಿಲೋಮೀಟರ್‌ನಲ್ಲಿ 80 ಮೀಟರ್ ಇಳಿದರೆ ಕಿಲೋಮೀಟರಿಗೆ 20 ಮೀಟರ್. ಅದು ಕಡಿದಾದ ತೊರೆ, ಹೊಸಬರಿಗೆ ಸಲ್ಲದು. ಸರಾಸರಿ ಮೋಸ ಮಾಡುವುದೂ ಉಂಟು. ಮೂರು ಕಿಲೋಮೀಟರ್ ಸಮವಾಗಿ ಹರಿದು ಕೊನೆಯಲ್ಲಿ ಒಂದೇ ನೆಗೆತಕ್ಕೆ ಕೆಳಗೆ ಬೀಳುವ ತೊರೆಗಳು ಘಟ್ಟದಲ್ಲಿ ಬೇಕಾದಷ್ಟಿವೆ. ಹಾಗಾಗಿ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ ಎಂದು ನೋಡಬೇಕು.

ನೀರಿನ ಪ್ರಮಾಣವನ್ನು ಅಂದಾಜಿಸಲು ಅಗಲ, ಆಳ, ವೇಗಗಳನ್ನು ಗುಣಿಸಬೇಕು. ಒಂದು ಕಡ್ಡಿಯನ್ನು ತೇಲಿಬಿಟ್ಟು ಅಳೆದ ದೂರ ಸಾಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಿದರೆ ವೇಗ ಸಿಗುತ್ತದೆ. ಮೇಲ್ಮೈಯ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಸಿಕ್ಕ ವೇಗದಲ್ಲಿ ಐದರಲ್ಲಿ ಒಂದು ಪಾಲು ಕಳೆಯಬೇಕು. 8 ಮೀಟರ್ ಅಗಲ, ಅರ್ಧ ಮೀಟರ್ ಆಳದ ತೊರೆಯಲ್ಲಿ ಹೀಗೆ ಬಂದ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಇದ್ದರೆ, ಸೆಕೆಂಡಿಗೆ 6 ಘನ ಮೀಟರ್, ಅಂದರೆ 6 ಟನ್ ನೀರು ಹರಿಯುತ್ತಿದೆ. ವೇಗ ಇಮ್ಮಡಿಯಾದರೆ ನೀರಿನ ಒತ್ತು ನಾಲ್ಕು ಪಟ್ಟಾಗುತ್ತದೆ. ಮೊಣಕಾಲಿನವರೆಗಿನ ನೀರೂ ಆಳನ್ನು ಕೆಡವುವುದು ಇದೇ ಕಾರಣಕ್ಕೆ.

ನೀರಿನಲ್ಲಿ ಅಡಗಿರುವ ಬಲೆಗಳು

ದೊಡ್ಡ ಅಲೆ ಭಯ ಹುಟ್ಟಿಸುತ್ತದೆ, ಆದರೆ ಪ್ರಾಣ ತೆಗೆಯುವುದು ಹೆಚ್ಚಾಗಿ ಕಾಣದ ಅಡಚಣೆಗಳು. ಅವುಗಳಲ್ಲಿ ಮುಖ್ಯವಾದವು ಇವು.

ಬಿದ್ದ ಮರ: ರೆಂಬೆಗಳ ಸಂದಿಯಿಂದ ನೀರು ಹಾಯುತ್ತದೆ, ಮನುಷ್ಯ ಹಾಯಲಾರ. ಜಾಲರಿಯಲ್ಲಿ ಸೋಸಿದಂತೆ ಸಿಕ್ಕಿಬೀಳುತ್ತಾನೆ. ಅಡಿಕೆ ಮರದ ಕಾಲುಸಂಕ, ತೋಟದ ತಂತಿ ಬೇಲಿ, ತೊರೆಗೆ ಅಡ್ಡ ಕಟ್ಟಿದ ಮೀನಿನ ಬಲೆ ಕೂಡ ನೀರು ಏರಿದಾಗ ಇದೇ ಕೆಲಸ ಮಾಡುತ್ತವೆ.

ಬಂಡೆಯ ಸಂದಿ: ರಾಶಿ ಬಿದ್ದ ಬಂಡೆಗಳ ನಡುವೆ, ಅಡಿ ಕೊರೆದ ಬಂಡೆಯ ಕೆಳಗೆ ನೀರು ನುಗ್ಗುವ ಜಾಗ. ಬಂಡೆಗೆ ನೀರು ಬಡಿದರೂ ನೊರೆ ಹಿಂದಕ್ಕೆ ಚಿಮ್ಮದಿದ್ದರೆ ನೀರು ಅಡಿಯಿಂದ ಹೋಗುತ್ತಿದೆ ಎಂದು ತಿಳಿಯಬೇಕು.

ತಡೆಯಣೆ: ಕಿಂಡಿ ಅಣೆಕಟ್ಟು, ಮಲಯಾಳದವರ ತಡಯಣ, ಕಿರು ಜಲವಿದ್ಯುತ್ ಯೋಜನೆಗಳ ಒಡ್ಡು, ಇವು ನೋಡಲು ಸಾಧು. ಆದರೆ ಒಡ್ಡಿನ ಮೇಲಿಂದ ಬಿದ್ದ ನೀರು ಬುಡದಲ್ಲಿ ಹಿಂದಕ್ಕೆ ಉರುಳುತ್ತದೆ. ಅದರಲ್ಲಿ ಬಿದ್ದವನನ್ನು ಮತ್ತೆ ಮತ್ತೆ ಒಡ್ಡಿನತ್ತಲೇ ಎಳೆದು ಮುಳುಗಿಸುತ್ತದೆ. ಒಡ್ಡು ಎಷ್ಟು ಸಮವಾಗಿ, ಅಂದವಾಗಿ ಕಟ್ಟಿದ್ದರೆ ಅಷ್ಟು ಅಪಾಯ, ಏಕೆಂದರೆ ಸುಳಿಯಿಂದ ಹೊರಬೀಳಲು ಬದಿಯಲ್ಲಿ ಸಂದೇ ಇರುವುದಿಲ್ಲ. ಒಡ್ಡುಗಳನ್ನು ದೋಣಿಯಲ್ಲಿ ದಾಟಬಾರದು, ದೋಣಿ ಹೊತ್ತು ದಡದಲ್ಲಿ ನಡೆಯಬೇಕು. ಚಾಲಿಪ್ಪುಝಕ್ಕೆ ಚೆಂಬುಕಡವು, ಕಣ್ಣೂರಿನ ಕಡೆಯ ಬರಪೊಳೆಗೆ ಅಲ್ಲಿನ ವಿದ್ಯುತ್ ಯೋಜನೆ ಉಂಟೆಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳಬೇಕು.

ಪಾದ ಸಿಲುಕುವುದು: ಹರಿಯುವ ನೀರಿನಲ್ಲಿ ಬಿದ್ದಾಗ ಎದ್ದು ನಿಲ್ಲಲು ಹೋಗುವುದು ಸಹಜ. ಆದರೆ ಪಾದ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡರೆ ಸೆಳೆತ ದೇಹವನ್ನು ಮುಂದಕ್ಕೆ ಬಾಗಿಸಿ ತಲೆಯನ್ನು ಮುಳುಗಿಸುತ್ತದೆ. ಸೊಂಟದ ಮಟ್ಟದ ನೀರಿನಲ್ಲೂ ಹೀಗೆ ಸಾವು ಸಂಭವಿಸಬಹುದು.

ಸಲಕರಣೆ

ಎದೆಗೆ ಬಿಗಿಯಾಗಿ ಕೂರುವ, ತೇಲಿಸುವ ಜಾಕೆಟ್ ಮೊದಲನೆಯದು. ಭುಜದ ಪಟ್ಟಿ ಹಿಡಿದು ಎತ್ತಿದಾಗ ಅದು ಕಿವಿಯವರೆಗೆ ಜಾರಿದರೆ ಉಪಯೋಗವಿಲ್ಲ. ಎರಡನೆಯದು ನೀರು ಬಸಿದು ಹೋಗುವ ಹೆಲ್ಮೆಟ್. ಬೈಕಿನ ಹೆಲ್ಮೆಟ್ ನೀರು ಹೀರಿ ಭಾರವಾಗುವುದರಿಂದ ಬೇಡ. ಮೂರನೆಯದು ಕಾಲಿಗೆ ಕಚ್ಚಿಕೊಳ್ಳುವ ಶೂ. ಹವಾಯಿ ಚಪ್ಪಲಿ, ಲುಂಗಿ, ಮುಂಡು, ದುಪಟ್ಟಾ ಯಾವುದೂ ಸಲ್ಲದು. ಇವುಗಳ ಜತೆ ಸೀಟಿ, ಸುಲಭವಾಗಿ ಕೈಗೆ ಸಿಗುವ ಚಾಕು, 15ರಿಂದ 20 ಮೀಟರ್ ತೇಲುವ ಹಗ್ಗವಿರುವ ಎಸೆಯುವ ಚೀಲ, ನೀರು ಹೋಗದ ಚೀಲದಲ್ಲಿ ಮೊಬೈಲ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು.

ಲಾರಿ ಟ್ಯೂಬು, ಬಾಳೆದಿಂಡಿನ ತೆಪ್ಪ ಊರಿನ ಮಡುವಿನ ಆಟಕ್ಕೆ ಆದೀತು. ರಭಸದ ನೀರಿನಲ್ಲಿ ಅವನ್ನು ತಿರುಗಿಸುವ ಉಪಾಯವೇ ಇಲ್ಲ. ಕಯಾಕ್ ಹತ್ತುವವರು ಮಗುಚಿದ ದೋಣಿಯಿಂದ ಹೊರಬರುವುದನ್ನು ನಿಂತ ನೀರಿನಲ್ಲಿ ತರಬೇತುದಾರರ ಎದುರು ಮೊದಲೇ ಕಲಿತಿರಬೇಕು.

ತಂಡ ಮತ್ತು ಸಮಯ

ಮೂರು ದೋಣಿಗಿಂತ ಕಡಿಮೆ ಇದ್ದರೆ ಹೊರಡಬಾರದು. ಒಬ್ಬರಿಗೆ ಗಾಯವಾದರೆ ಒಬ್ಬರು ಜತೆಗಿರಲು, ಇನ್ನೊಬ್ಬರು ಸಹಾಯ ಕರೆಯಲು ಬೇಕಾಗುತ್ತದೆ. ತೊರೆಯ ದರ್ಜೆಯನ್ನು ತಂಡದ ಅತಿ ದುರ್ಬಲ ಸದಸ್ಯನಿಗೆ ತಕ್ಕಂತೆ ಆರಿಸಬೇಕು, ಅತಿ ಬಲ್ಲವನಿಗೆ ತಕ್ಕಂತಲ್ಲ.

ನೀರಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಹುಟ್ಟನ್ನು ನೇರವಾಗಿ ಮೇಲೆತ್ತಿದರೆ ದಾರಿ ಸರಿಯಿದೆ ಎಂದು, ಅಡ್ಡವಾಗಿ ಎತ್ತಿದರೆ ನಿಲ್ಲಿ ಎಂದು, ಮೂರು ಉದ್ದ ಸೀಟಿಗೆ ಅಪಾಯ ಎಂದು ಅರ್ಥ. ಈ ಸನ್ನೆಗಳನ್ನು ಹೊರಡುವ ಮುನ್ನ ಎಲ್ಲರೂ ಒಮ್ಮೆ ಮಾಡಿ ತೋರಿಸಬೇಕು.

ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಮುಗಿಸುವುದು ಒಳ್ಳೆಯದು. ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಪ್ರತಿ ತಿರುವಿನಲ್ಲೂ ಇಳಿದು ನೋಡುತ್ತ ಸಾಗಿದರೆ ಗಂಟೆಗೆ ಒಂದು ಕಿಲೋಮೀಟರ್ ಆದರೂ ಸಾಕೆಂದು ಲೆಕ್ಕ ಹಾಕಬೇಕು. ನಡುವೆ ರಸ್ತೆ ಅಥವಾ ಮನೆಗಳಿಗೆ ಹತ್ತಿಹೋಗುವ ಜಾಗಗಳನ್ನು ಮೊದಲೇ ನಡೆದು ನೋಡಿರಬೇಕು. ತೊರೆ ಮೀಸಲು ಅರಣ್ಯದೊಳಗೆ ಹರಿಯುವಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ಇಂಥ ಕಡೆ ಆನೆಗಳು ನೀರಿಗೆ ಇಳಿಯುವ ಜಾಗವನ್ನೂ ಕೇಳಿ ತಿಳಿಯಬೇಕು.

ಊರವರ ಮಾತು

ಘಟ್ಟದ ಸಣ್ಣ ತೊರೆಗಳಲ್ಲಿ ನೀರಿನ ಮಟ್ಟ ಅಳೆಯುವ ಸರಕಾರಿ ಮಾಪನ ಕಂಬ ಎಲ್ಲ ಕಡೆ ಇರುವುದಿಲ್ಲ. ಅಲ್ಲಿ ಮಾಪನವೆಂದರೆ ದಡದ ಮನೆಯವರ ನೆನಪು. ಯಾವ ಬಂಡೆ ಮುಳುಗಿದರೆ ಸಂಕ ದಾಟಬಾರದು, ಯಾವ ಮಡುವಿನಲ್ಲಿ ಹಿಂದೆ ಜೀವ ಹೋಗಿದೆ, ಮೊನ್ನೆಯ ಗಾಳಿಗೆ ಎಲ್ಲಿ ಮರ ಬಿದ್ದಿದೆ ಎಂಬುದು ಅವರಿಗೆ ಗೊತ್ತು. ಹೊರಗಿನ ತಂಡ ಒಂದು ಮನೆಯಲ್ಲಾದರೂ ವಿಚಾರಿಸದೆ ನೀರಿಗೆ ಇಳಿಯಬಾರದು. ಊರವರೂ ಕೇಳಿದ್ದಕ್ಕೆ ಮಾತ್ರ ಉತ್ತರಿಸದೆ ಕೇಳದ್ದನ್ನೂ ಹೇಳಬೇಕು. ಅವಘಡವಾದರೆ ಮೊದಲು ನೀರಿಗೆ ಹಾರುವವರು ಅವರ ಮಕ್ಕಳೇ ತಾನೆ.

ಎಲ್ಲಿ ಇಳಿಯುತ್ತಾರೆ, ಎಲ್ಲಿ ಹತ್ತುತ್ತಾರೆ, ಎಷ್ಟು ಗಂಟೆಗೆ ಮರಳುತ್ತಾರೆ, ಬಾರದಿದ್ದರೆ ಎಷ್ಟು ಹೊತ್ತಿಗೆ ಫೋನ್ ಮಾಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ದಡದವರೊಬ್ಬರ ಕೈಗೆ ಕೊಟ್ಟು ಹೋಗುವುದು ಉತ್ತಮ.

ಹಿಂತಿರುಗುವ ಗುರುತುಗಳು

ಇಳಿಯುವ ಮುನ್ನ ನೀರಿನ ಅಂಚಿನಲ್ಲಿ ಒಂದು ಕಲ್ಲು ಅಥವಾ ಕೋಲು ನೆಟ್ಟು ಕಾಲು ಗಂಟೆ ಕಾಯಬೇಕು. ನೀರು ಏರುತ್ತಿದ್ದರೆ ಅಂದಿನ ಪಯಣ ಅಲ್ಲಿಗೇ ಮುಗಿಯಿತು. ನೀರಿನಲ್ಲಿದ್ದಾಗ ಈ ಕೆಳಗಿನ ಯಾವುದು ಕಂಡರೂ ತಕ್ಷಣ ದಡ ಹತ್ತಿ ಎತ್ತರಕ್ಕೆ ಹೋಗಬೇಕು.

ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಗೆ ಕದಡುವುದು.
ಎಲೆ, ಕಡ್ಡಿ, ಕಟ್ಟಿಗೆ ಒಮ್ಮೆಲೇ ಹೆಚ್ಚಾಗಿ ತೇಲಿ ಬರುವುದು.
ಮೇಲಿನಿಂದ ಕಲ್ಲು ಉರುಳುವ ಅಥವಾ ಗುಡುಗಿನಂಥ ಸದ್ದು.
ಹಸಿ ಮಣ್ಣಿನ ಬಲವಾದ ವಾಸನೆ.
ಮಳೆ ಸುರಿಯುತ್ತಿದ್ದರೂ ನೀರು ದಿಢೀರನೆ ಇಳಿಯುವುದು. ಮೇಲೆ ಗುಡ್ಡ ಜರಿದು ತೊರೆಗೆ ಒಡ್ಡು ಬಿದ್ದಿರಬಹುದು. ಅದು ಒಡೆದಾಗ ಎಲ್ಲವೂ ಒಟ್ಟಿಗೆ ಬರುತ್ತದೆ.

ನೀರಿಗೆ ಬಿದ್ದರೆ

ಬೆನ್ನ ಮೇಲೆ ಮಲಗಿ, ಪಾದಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ, ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ರಭಸ ಕಡಿಮೆಯಾದಲ್ಲಿ ಕವುಚಿ ದಡದತ್ತ ಓರೆಯಾಗಿ ಈಜಬೇಕು. ಬಂಡೆಯ ಹಿಂದಿನ ತಿರುಗುನೀರು ಒಳ್ಳೆಯ ಆಸರೆ. ನೀರು ಮೊಣಕಾಲಿಗಿಂತ ಕೆಳಗೆ ಬರುವವರೆಗೆ ಎದ್ದು ನಿಲ್ಲಬಾರದು. ಎದುರಿಗೆ ಬಿದ್ದ ಮರ ಸಿಕ್ಕಿ ತಪ್ಪಿಸಿಕೊಳ್ಳಲು ಆಗದಿದ್ದರೆ ಮಾತ್ರ ಕವುಚಿ ತಲೆ ಮುಂದಾಗಿ ಬಲವಾಗಿ ಈಜಿ, ಕಾಂಡದ ಮೇಲೆ ಹತ್ತಿಕೊಳ್ಳಬೇಕು. ಕಾಲು ಮುಂದಿದ್ದರೆ ಅಡಿಗೆ ಸೆಳೆಯುತ್ತದೆ.

ದಡದಲ್ಲಿರುವವರು ಮಾಡಬೇಕಾದ್ದು

ಮುಳುಗುವವನನ್ನು ಎತ್ತಲು ಹಾರಿದವನೂ ಮುಳುಗಿದ ಸುದ್ದಿ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಕೋಲು ಚಾಚುವುದು ಮೊದಲು, ಹಗ್ಗ ಎಸೆಯುವುದು ನಂತರ, ದೋಣಿಯಲ್ಲಿ ಹೋಗುವುದು ಆಮೇಲೆ. ನೀರಿಗೆ ಇಳಿಯುವುದು ಕಟ್ಟಕಡೆಯ ದಾರಿ, ಅದೂ ಜಾಕೆಟ್ ತೊಟ್ಟ ತರಬೇತಿ ಪಡೆದವರಿಗೆ ಮಾತ್ರ.

ಹಳ್ಳಿಗಳಲ್ಲಿ ಸೊಂಟಕ್ಕೆ ಹಗ್ಗ ಬಿಗಿದು ಇಳಿಯುವ ರೂಢಿಯಿದೆ. ಇದು ಅಪಾಯಕಾರಿ. ಹಗ್ಗ ಬಿಗಿಯಾದಾಗ ಸೆಳೆತ ಆ ವ್ಯಕ್ತಿಯನ್ನೇ ನೀರಿನೊಳಕ್ಕೆ ಒತ್ತುತ್ತದೆ, ಬಿಗಿದ ಗಂಟು ಬಿಚ್ಚಲು ಬರುವುದಿಲ್ಲ. ಹಗ್ಗ ಎಸೆದವರು ಅದನ್ನು ಕೈಗೆ ಸುತ್ತಿಕೊಳ್ಳಬಾರದು. ನೀರಿನಲ್ಲಿರುವವರು ಹಗ್ಗವನ್ನು ಕೈಯಲ್ಲಿ ಹಿಡಿಯಬೇಕೇ ಹೊರತು ಮೈಗೆ ಕಟ್ಟಿಕೊಳ್ಳಬಾರದು.

ದಡಕ್ಕೆ ತಂದವರ ಹೊಟ್ಟೆ ಅದುಮಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಬೇಡ. ಇದರಿಂದ ಅಮೂಲ್ಯ ಸಮಯ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶ ಸೇರುತ್ತದೆ. ಉಸಿರಾಟ ಇಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ 2 ಉಸಿರು ಕೊಡಬೇಕು. ದೊಡ್ಡವರಿಗೆ ಎದೆ 5ರಿಂದ 6 ಸೆಂಟಿಮೀಟರ್ ತಗ್ಗುವಂತೆ ಒತ್ತಬೇಕು. ಸಹಾಯ ಬರುವವರೆಗೆ ಇದನ್ನು ನಿಲ್ಲಿಸಬಾರದು. ಎಚ್ಚರಗೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಅಗ್ನಿಶಾಮಕ ದಳಕ್ಕೆ 101, ಜಿಲ್ಲಾ ವಿಪತ್ತು ಸಹಾಯವಾಣಿಗೆ 1077. ಗಡಿಯಲ್ಲಿ ಮೊಬೈಲ್ ಪಕ್ಕದ ರಾಜ್ಯದ ಟವರ್ ಹಿಡಿಯುವುದುಂಟು. ಹಾಗಾಗಿ ಕರೆ ಮಾಡಿದೊಡನೆ ರಾಜ್ಯ, ಜಿಲ್ಲೆ, ಪಂಚಾಯತ್, ಹೊಳೆಯ ಯಾವ ದಡ ಎಂಬುದನ್ನು ಹೇಳಬೇಕು. ಆಯಾ ರಾಜ್ಯದ ಭಾಷೆ ಬಲ್ಲವರೇ ಮಾತಾಡಿದರೆ ಸಮಯ ಉಳಿಯುತ್ತದೆ. ಎರಡು ಭಾಷೆ ಬಲ್ಲ ಗಡಿನಾಡಿನವರ ಉಪಕಾರ ಇಂಥಲ್ಲಿ ದೊಡ್ಡದು.

ಮರಳಿದ ಮೇಲೆ

ಮಳೆನೀರಿನಲ್ಲಿ ಗಾಯದ ಮೂಲಕ ಇಲಿ ಜ್ವರ ಅಂಟುವ ಸಾಧ್ಯತೆಯಿದೆ, ಮಲಯಾಳದಲ್ಲಿ ಇದಕ್ಕೆ ಎಲಿಪ್ಪನಿ ಎನ್ನುತ್ತಾರೆ. ನಂತರದ ಮೂರು ನಾಲ್ಕು ವಾರಗಳಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಹೊಳೆಗೆ ಇಳಿದಿದ್ದನ್ನು ವೈದ್ಯರಿಗೆ ತಿಳಿಸಬೇಕು. ಚೀಟಿ ಕೊಟ್ಟಿದ್ದ ಮನೆಗೆ ಹೋಗಿ ಎಲ್ಲರೂ ಕ್ಷೇಮವಾಗಿ ಬಂದೆವೆಂದು ಹೇಳುವುದನ್ನೂ ಮರೆಯಬಾರದು. ಇಲ್ಲವಾದರೆ ಕತ್ತಲಲ್ಲಿ ಊರವರು ಟಾರ್ಚ್ ಹಿಡಿದು ಹೊಳೆ ದಡ ಹುಡುಕಬೇಕಾದೀತು.

ನೀರು ಹೆಚ್ಚಿದೆ ಎಂದು ದೋಣಿಯನ್ನು ಹೆಗಲಿಗೇರಿಸಿ ಹಿಂತಿರುಗಿದವರನ್ನು ಕಂಡು ನಗುವವರಿದ್ದಾರೆ. ಅದು ಸೋಲಲ್ಲ. ತೊರೆ ಎಲ್ಲಿಗೂ ಹೋಗುವುದಿಲ್ಲ, ನಾಳೆ ನೀರು ಇಳಿದಾಗ ಮತ್ತೆ ಬರಬಹುದು.